ಟೂವಾಗೆ ಹುಲ್ಲಿಲ್ಲದ ಜಾಗ

ಆರ್ಗೈಲ್, ವಿಸ್ಕಾನ್ಸಿನ್
ಸೆಪ್ಟೆಂಬರ್ 28, 2014, ಭಾನುವಾರ

ಪ್ರೀತಿಯ ಡಾರ್ಲಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಲು ಹೊರಟೆ. ಆದರೆ ಮೂವತ್ತೊಂದು ವರ್ಷ ಜೊತೆಗಿದ್ದವಳಿಗೆ ಹಾಲಿನ ಲಾರಿಯವನ ಕೆಲಸ ಎಷ್ಟೆಂದು ಗೊತ್ತಿಲ್ಲವೇ? ಅದು ಯಾವತ್ತೂ ಅಷ್ಟೇ. ನಿಜ ಏನೆಂದರೆ, ಬರೆಯಲು ಕೂರುತ್ತಿದ್ದೆ, ಎರಡು ಸಾಲಿಗೆ ಎದ್ದು ಹೋಗಿ ಏನನ್ನಾದರೂ ರಿಪೇರಿ ಮಾಡುತ್ತಿದ್ದೆ. ಹಾಗಾಗಿ ಹಿಂಬಾಗಿಲ ಚಿಲಕ, ಬಚ್ಚಲ ನಲ್ಲಿ, ನೀನು ಆರು ವರ್ಷದಿಂದ ಹೇಳುತ್ತಿದ್ದ ನೆಲಮಾಳಿಗೆಯ ಮೆಟ್ಟಿಲು ಎಲ್ಲವೂ ಸರಿಯಾಗಿವೆ. ಬರೆಯುವುದೊಂದೇ ಬಾಕಿ ಉಳಿದಿತ್ತು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಎಲ್ಲ ಚೆನ್ನಾಗಿದೆ’ ಅನ್ನುತ್ತೀಯ, ನಾನೂ ‘ಇಲ್ಲೂ ಚೆನ್ನಾಗಿದೆ’ ಅನ್ನುತ್ತೇನೆ, ಆಮೇಲೆ ಇಬ್ಬರೂ ಮಳೆಯ ವಿಷಯಕ್ಕೆ ಬಂದುಬಿಡುತ್ತೇವೆ. ನೀನಿರುವ ಲಾ ಕ್ರಾಸಿನಲ್ಲಿ ಮಳೆ ಎಷ್ಟು ಬಿತ್ತು ಎಂಬುದು ನನಗೆ ಈಗ ಅಲ್ಲಿನವರಿಗಿಂತ ಚೆನ್ನಾಗಿ ಗೊತ್ತು.

ಅತ್ತೆ ಊರುಗೋಲಿಲ್ಲದೆ ಅಡುಗೆಮನೆಯವರೆಗೆ ನಡೆದರು ಎಂದು ಓದಿ ಸಂತೋಷವಾಯಿತು. ಏಪ್ರಿಲಿನಲ್ಲಿ ಅವರಿಗೆ ಲಕ್ವ ಹೊಡೆದಾಗ ಎರಡು ವಾರಕ್ಕೆಂದು ನೀನು ಎರಡು ಚೀಲ ಹಿಡಿದು ಹೋದೆ. ಈಗ ಅಲ್ಲಿನ ಲೈಬ್ರರಿಯಲ್ಲಿ ಕಾಯಂ ಕೆಲಸ, ನದಿಯ ಪಕ್ಕ ಬಾಡಿಗೆ ಮನೆ, ಅಕ್ಟೋಬರ್ ಹದಿನೇಳಕ್ಕೆ ವರ್ಷದ ಕರಾರಿಗೆ ಸಹಿ, ನವೆಂಬರ್ ಒಂದಕ್ಕೆ ಒಕ್ಕಲು. ಎಲ್ಲವನ್ನೂ ಒಂದೇ ಪುಟದಲ್ಲಿ ಚೊಕ್ಕವಾಗಿ ಬರೆದಿದ್ದೀಯ. ಕೊನೆಗೆ, ‘ಟೂವಾಳನ್ನು ಇಟ್ಟುಕೊಳ್ಳುವ ಲಾಯ ಇಲ್ಲಿ ಹತ್ತಿರದಲ್ಲಿ ಎಲ್ಲಾದರೂ ಇದೆಯಾ ನೋಡು. ನೀನು ನೋಡಿ ಒಪ್ಪಿದರೆ ನನಗೆ ಸಾಕು’ ಎಂದಿದ್ದೀಯ. ನಿನ್ನ ಕುದುರೆಯೂ ಹೋದರೆ ಈ ಮನೆಯಲ್ಲಿ ನಿನ್ನದು ಎಂದು ಉಳಿಯುವುದು ಹೊಲಿಗೆ ಮಿಷನ್ನು ಮತ್ತು ನಾನು. ತಮಾಷೆಗೆ ಬರೆದೆ.

ಹುಡುಕುವ ಕೆಲಸ ಆರಂಭಿಸಿದ್ದೇನೆ. ಎರಡು ಶನಿವಾರ ಹೋಗಿಬಂದೆ.

ಮೊದಲನೆಯದು ವೆಸ್ಟ್ ಸೇಲಂ ಹತ್ತಿರ. ಹೆದ್ದಾರಿಯಿಂದಲೇ ಕಾಣುವ ದೊಡ್ಡ ತಗಡಿನ ಮನೆ. ಒಳಗೆ ಮರಳು ಹಾಸಿದ ಸವಾರಿ ಅಂಗಳ, ನಲವತ್ತು ಕುದುರೆ, ಪ್ರತಿಯೊಂದರ ಬಾಗಿಲ ಮೇಲೂ ಹಿತ್ತಾಳೆಯ ಹೆಸರು. ಮಾಡಿನಿಂದ ಪಿಟೀಲು ಸಂಗೀತ ಬರುತ್ತಿತ್ತು. ನಡೆಸುವವಳು ಬ್ರಿಯೆಲ್ ಎಂಬ ಚುರುಕಾದ ಹುಡುಗಿ. “ಕುದುರೆಗಳಿಗೆ ಇದ್ರಿಂದ ಮನಸ್ಸು ತಣ್ಣಗಿರತ್ತೆ ಸರ್” ಅಂದಳು. “ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡ್ತೀಯಮ್ಮಾ?” ಎಂದು ಕೇಳಿದೆ. “ಸರದಿ ಮೇಲೆ ಎರಡು ಗಂಟೆ. ಹವಾ ಸರಿ ಇದ್ರೆ.” ಅಂದರೆ ಮಿಕ್ಕ ಇಪ್ಪತ್ತೆರಡು ಗಂಟೆ ಟೂವಾ ನಾಲ್ಕು ಗೋಡೆಯ ನಡುವೆ ಪಿಟೀಲು ಕೇಳುತ್ತಾ ನಿಲ್ಲಬೇಕು. ಹತ್ತೊಂಬತ್ತು ವರ್ಷದ ಮುದುಕಿಗೆ ಈ ಶಿಕ್ಷೆ ಯಾಕೆ? “ಯೋಚನೆ ಮಾಡಿ ಹೇಳ್ತೀನಿ” ಎಂದು ಬಂದೆ.

ಎರಡನೆಯದು ಕೂನ್ ವ್ಯಾಲಿಯ ಆಚೆ, ಒಡೆಲ್ ಮತ್ತು ಅಯೋನಿ ಎಂಬ ವಯಸ್ಸಾದ ಗಂಡ ಹೆಂಡತಿ. ಒಳ್ಳೆಯ ಜನ. ಬೇಲಿ ಗಟ್ಟಿ, ತೊಟ್ಟಿಯ ನೀರು ಸ್ವಚ್ಛ. ಆದರೆ ಹುಲ್ಲು! ಮೊಣಕಾಲೆತ್ತರದ ಹಸಿರು, ಗುಡ್ಡದ ತುದಿಯವರೆಗೆ. ಒಡೆಲ್ ಅದರ ಮುಂದೆ ನಿಂತು, “ಇಡೀ ಜಿಲ್ಲೇಲಿ ಇಂಥ ಹುಲ್ಲು ತೋರಿಸಿ ನೋಡೋಣ” ಅಂದ. ಅವನಿಗೆ ಹೇಗೆ ಹೇಳಲಿ? ನಮ್ಮ ಕುದುರೆ ಆ ಹುಲ್ಲನ್ನು ಒಂದು ವಾರ ಮೇಯ್ದರೆ ಗೊರಸಿನೊಳಗೆ ಬೆಂಕಿ ಬಿದ್ದ ಹಾಗಾಗಿ ಕಾಲೂರಲಾರಳು ಎಂದರೆ ಅವನ ಮುಖ ಹೇಗಾದೀತು? ಈ ರಾಜ್ಯದಲ್ಲಿ ಕುದುರೆಗೆ ಹುಲ್ಲಿಲ್ಲದ ಜಾಗ ಕೊಡಿ ಎಂದು ಕೇಳುವುದೂ ಒಂದೇ, ಬಿಯರ್ ಅಂಗಡಿಗೆ ಹೋಗಿ ಮಜ್ಜಿಗೆ ಕೇಳುವುದೂ ಒಂದೇ. “ಬೇರೆ ಥರ ಇದೆ” ಅಂದೆ. ನಮ್ಮ ಕಡೆ ‘ಬೇರೆ ಥರ ಇದೆ’ ಅಂದರೆ ಹಿಡಿಸಲಿಲ್ಲ ಎಂದರ್ಥ, ಅದು ಅವನಿಗೂ ಗೊತ್ತು, ಮುಖ ಸ್ವಲ್ಪ ಇಳಿಯಿತು. ಅಯೋನಿ ಪಾಪ, “ಬಾಯಿಕುಕ್ಕೆ ಹಾಕಿ ಬಿಟ್ರಾಯ್ತಪ್ಪಾ, ಮೇಯೋಕಾಗಲ್ಲ” ಅಂದರು. ಟೂವಾ ಬಾಯಿಕುಕ್ಕೆಯನ್ನು ಬೇಲಿ ಕಂಬಕ್ಕೆ ಉಜ್ಜಿ ಅರ್ಧ ಗಂಟೆಯಲ್ಲಿ ಕಿತ್ತೆಸೆಯುತ್ತಾಳೆ, ನಿನಗೆ ಗೊತ್ತಲ್ಲ. ಸೇಬಿನ ಕಡುಬು ತಿಂದು ಎದ್ದುಬಂದೆ.

ಟೂವಾ ಹೇಗಿದ್ದಾಳೆ ಎಂದು ಕೇಳಿದ್ದೀಯ. ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಿಹಿ ಇಳಿಸಿ, ನೀನು ಗೋಡೆಗೆ ಅಂಟಿಸಿದ ಚೀಟಿಯಂತೆಯೇ ಕೊಡುತ್ತಿದ್ದೇನೆ. ಆದರೆ ಬೇಲಿಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಾಳೆ. ಅಲ್ಲಿ ಕಾಲುದಾರಿಯೇ ಬಿದ್ದಿದೆ. ನಾನೂ ಹಾಗೆಯೇ ನಡೆಯುತ್ತಿದ್ದೇನೆ. ಒಬ್ಬರನ್ನೊಬ್ಬರು ನೋಡುತ್ತಾ, ಇಬ್ಬರೂ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಲೈಲ್

•

ಅಕ್ಟೋಬರ್ 5, ಭಾನುವಾರ
ಲಾರಿಯಲ್ಲಿ ಕೂತು

ಡಾರ್ಲಾ,

ಬಡ್ ಸ್ಟೀನ್ಸ್‌ಲಾಂಡನ ಕೊಟ್ಟಿಗೆಯ ಮುಂದೆ ಲಾರಿ ನಿಂತಿದೆ, ಹಾಲು ಪೈಪಿನಲ್ಲಿ ಏರುತ್ತಿದೆ. ಇಪ್ಪತ್ತು ನಿಮಿಷ ಸಿಕ್ಕಿದೆ, ಅಷ್ಟರಲ್ಲಿ ಬರೆಯುತ್ತೇನೆ. ಅಕ್ಷರ ಅಲುಗಿದ್ದರೆ ಪಂಪಿನ ತಪ್ಪು.

ಈ ವಾರ ಕೆಲಸ ಮುಗಿಸಿ ಇನ್ನೆರಡು ಲಾಯ ನೋಡಿದೆ, ಅವೂ ಆಗಲಿಲ್ಲ. ನಾಲ್ಕು ನೋಡಿ ನಾಲ್ಕನ್ನೂ ಬಿಟ್ಟೆ ಎಂದು ಕೇಳಿ ಬಡ್ ಸುಮ್ಮನಿರುತ್ತಾನೆಯೇ? “ಅಲ್ಲಯ್ಯಾ, ನೀನು ಕುದುರೆಗೆ ಜಾಗ ನೋಡ್ತಿದ್ದೀಯೋ, ಮಗಳಿಗೆ ಗಂಡು ನೋಡ್ತಿದ್ದೀಯೋ? ಒಂದಕ್ಕೆ ಮೂಗು ದಪ್ಪ, ಇನ್ನೊಂದಕ್ಕೆ ಕಿವಿ ಸಣ್ಣ!” ಅಂದ. “ನಿನ್ನ ಹಾಲಲ್ಲೂ ಕೊಬ್ಬು ಕಮ್ಮಿ ಇದೆ, ಅದನ್ನ ನೋಡ್ಕೋ ಹೋಗು” ಅಂದೆ. ನಕ್ಕ. ಆಮೇಲೆ ನಗು ನಿಲ್ಲಿಸಿ, “ಡಾರ್ಲಾ ಯಾವಾಗ ಬರ್ತಾಳೆ?” ಎಂದು ಕೇಳಿದ. ಅಮ್ಮನಿಗೆ ವಾಸಿಯಾಗುತ್ತಿದ್ದಂತೆ ಎಂದೆ. ಕರಾರಿನ ವಿಷಯ ಹೇಳಲಿಲ್ಲ. ಚರ್ಚಿನಲ್ಲೂ ಯಾರಿಗೂ ಹೇಳಿಲ್ಲ. ನೀನು ಹೇಳು ಎಂದರೆ ಹೇಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಹೋಲ್ಮೆನ್ ಹತ್ತಿರ ಐದನೆಯ ಲಾಯ ನೋಡಿದೆ. ನಿನ್ನ ಹೊಸ ಮನೆಯಿಂದ ಕಾಲು ಗಂಟೆ. ರಮೋನಾ ಎಂಬಾಕೆ ನಡೆಸುತ್ತಾಳೆ, ಟೆಕ್ಸಸ್ ಕಡೆಯವಳು, ಗಂಡ ಸತ್ತ ಮೇಲೆ ಇಲ್ಲೇ ಉಳಿದವಳು. ಹನ್ನೆರಡೇ ಕುದುರೆ. ನಾನು ತಪ್ಪು ಹುಡುಕಿದೆ. ನಿಜ ಹೇಳುತ್ತೇನೆ, ಬೇಕೆಂದೇ ಹುಡುಕಿದೆ. ಬೇಲಿಗೆ ಒದ್ದು ನೋಡಿದೆ, ತೊಟ್ಟಿಗೆ ಕೈ ಹಾಕಿ ನೋಡಿದೆ, ಹುಲ್ಲಿನ ಹೊರೆಯೊಳಗೆ ಮೂಗಿಟ್ಟು ಬೂಷ್ಟು ಇದೆಯೇ ಎಂದು ಮೂಸಿದೆ. ಏನೂ ಸಿಗಲಿಲ್ಲ. ಲಾಯದ ಹಿಂದೆ ಜಲ್ಲಿ ಹಾಸಿದ ಬಯಲು, ಒಂದು ಎಸಳು ಹಸಿರಿಲ್ಲ, ಗಾಳಿಗೆ ಅಡ್ಡವಾಗಿ ಮೂರು ಗೋಡೆಯ ಮಾಡು. ಗೊರಸಿನ ರೋಗದ ಕುದುರೆಗೆಂದೇ ಮಾಡಿದ್ದು. ನೆನೆಸಿದ ಹುಲ್ಲು ಅಂದ ತಕ್ಷಣ, “ಎಷ್ಟು ಹೊತ್ತು ನೆನೆಸ್ತೀರಿ?” ಎಂದು ಅವಳೇ ನನ್ನನ್ನು ಪರೀಕ್ಷೆ ಮಾಡಿದಳು.

“ಜಾಗ ಇದೆ. ಕರ್ಕೊಂಡು ಬನ್ನಿ” ಅಂದಳು.

“ಅಯ್ಯೋ ಬೇಡಿ, ಸುಮ್ನೆ ನಿಮಗ್ಯಾಕೆ ತೊಂದ್ರೆ” ಅಂದೆ.

“ಹಾಗಾ? ಸರಿ ಬಿಡಿ” ಎಂದು ಗೊಬ್ಬರದ ಗಾಡಿ ತಳ್ಳಿಕೊಂಡು ಹೋಗಿಯೇಬಿಟ್ಟಳು!

ನಾನು ಅಲ್ಲೇ ನಿಂತೆ. ಅಷ್ಟು ಬೇಗ ಮಾತು ಮುಗಿಸುವವರನ್ನು ನಾನು ನೋಡಿಲ್ಲ. ಎರಡನೇ ಸಲ ಕೇಳುತ್ತಾಳೆ ಎಂದು ಗಾಡಿಯ ಹತ್ತಿರ ಹೋಗಿ ಚಕ್ರದ ಗಾಳಿ ನೋಡಿದೆ, ಗಾಜು ಒರೆಸಿದೆ, ಮುಂದಿನ ಮುಚ್ಚಳ ತೆಗೆದು ಎಣ್ಣೆ ನೋಡಿದೆ. ಅವಳು ಎರಡು ಸಲ ಎದುರಿಗೆ ಹಾದುಹೋದಳು. ಒಂದು ಸಲ ಕೈ ಬೀಸಿದಳು, ಅಷ್ಟೇ. ಕೊನೆಗೆ ಹೊರಟು ಬಂದೆ. ಚಿಂತೆಯಿಲ್ಲ, ಈ ವಾರದಲ್ಲಿ ಅವಳೇ ಫೋನ್ ಮಾಡುತ್ತಾಳೆ. ನಂಬರು ಕೊಟ್ಟಿದ್ದೇನೆ.

ಟ್ಯಾಂಕು ತುಂಬಿತು. ಇಳಿಯುತ್ತೇನೆ.

ಲೈಲ್

•

ಆರ್ಗೈಲ್
ಅಕ್ಟೋಬರ್ 12, ಭಾನುವಾರ ಮಧ್ಯಾಹ್ನ

ಪ್ರೀತಿಯ ಡಾರ್ಲಾ,

ರಮೋನಾ ಫೋನ್ ಮಾಡಲಿಲ್ಲ.

ಸೋಮವಾರ ಕಾದೆ, ಮಂಗಳವಾರ, ಬುಧವಾರ ಕಾದೆ. ಗುರುವಾರ ನಾನೇ ಮಾಡಿದೆ. “ಆ ಜಾಗ ಇಲ್ಲೇ ಸ್ಪಾರ್ಟಾ ಊರಿನವರೊಬ್ಬರಿಗೆ ಕೊಟ್ಟಾಯ್ತಲ್ಲ, ನೀವು ಬೇಡ ಅಂದ್ರಿ” ಅಂದಳು. ಪರವಾಗಿಲ್ಲ ಬಿಡಿ, ಒಳ್ಳೆಯದೇ ಆಯಿತು ಎಂದು ಫೋನಿಟ್ಟೆ. ತಪ್ಪು ಹುಡುಕಿ ಸಿಗದಿದ್ದ ಒಂದೇ ಒಂದು ಲಾಯವನ್ನು ಬಾಯಿ ಉಪಚಾರಕ್ಕೆ ಕಳೆದುಕೊಂಡೆ. ನೀನು ಹದಿನೇಳಕ್ಕೆ ಸಹಿ ಹಾಕುತ್ತೀಯ, ಟೂವಾಗೆ ಜಾಗವಿಲ್ಲ. ಆ ಸುದ್ದಿ ಕೇಳಿ ನನಗೆ ಒಂದು ಕ್ಷಣ ಹಗುರವೂ ಆಯಿತು, ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ನೀನು ನಂಬಿ ಒಪ್ಪಿಸಿದ್ದ ಒಂದೇ ಕೆಲಸ.

ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ. ಟೂವಾ ಬೇಲಿಯೊಳಗೆ, ನಾನು ಬೇಲಿಯಾಚೆ. ‘ಈ ಮನೇಲಿ ನಾನು ಮಾತಾಡೋದು ಕುದುರೆ ಹತ್ರ ಮಾತ್ರ’ ಎಂದು ನೀನು ಒಂದು ಸಲ ಹೇಳಿದ್ದೆ, ನೆನಪಿದೆಯೇ? ನಾನು ಅದನ್ನು ನಗೆಚಾಟಿಕೆಯೆಂದುಕೊಂಡಿದ್ದೆ. ಈಗ ನಾನೂ ಪ್ರಯತ್ನಿಸಿದೆ. ಹಾಲಿನ ಬೆಲೆ ಹೇಳಿದೆ, ಬಡ್‌ನ ಕೊಟ್ಟಿಗೆಯ ಮಾಡು ಸೋರುವುದನ್ನು ಹೇಳಿದೆ. ಆಮೇಲೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳು ಕಿವಿ ನಿಮಿರಿಸಿ ನಿಂತಿದ್ದಳು, ಕಾಯುತ್ತಾ. ನನಗೆ ನಾಚಿಕೆಯಾಯಿತು.

ನಿನ್ನೆ ಬೆಳಿಗ್ಗೆ ಕೆಲಸ ಮುಗಿಸಿ ನೇರ ಹೋಲ್ಮೆನ್ನಿಗೆ ಗಾಡಿ ಬಿಟ್ಟೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ, ರೇಡಿಯೋ ಹಾಕಲಿಲ್ಲ. ರಮೋನಾ ಒಂದು ಕುದುರೆಯ ಹಿಂಗಾಲು ಎತ್ತಿ ಹಿಡಿದು ಗೊರಸು ಕೆರೆಯುತ್ತಿದ್ದಳು. ತಲೆ ಎತ್ತದೆಯೇ, “ಮತ್ತೆ ಬಂದ್ರಾ? ಬೇಡ ಅಂದ್ರಲ್ಲ!” ಅಂದಳು.

“ಬೇಡ ಅಂದಿದ್ದು ಬೇಡ ಅಂತ ಅಲ್ಲ” ಅಂದೆ.

“ಮತ್ತೆ?”

ವಿವರಿಸಲು ಹೊರಟೆ. ನೀನು ನನ್ನನ್ನು ಆಗ ನೋಡಬೇಕಿತ್ತು. ಐವತ್ತೇಳು ವರ್ಷದ ಗಂಡಸು, ಟೋಪಿ ಕೈಯಲ್ಲಿ ಹಿಡಿದು, ಒಬ್ಬಳು ಹೊರಗಿನವಳಿಗೆ ನಮ್ಮ ಕಡೆಯ ಲೆಕ್ಕಾಚಾರ ಕಲಿಸುತ್ತಿದ್ದಾನೆ. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು, ಅದು ಮರ್ಯಾದೆ. ಎರಡನೇ ಸಲ ಕೇಳಿದಾಗ ನಿಮಗ್ಯಾಕೆ ತೊಂದರೆ ಅನ್ನಬೇಕು, ಅದೂ ಮರ್ಯಾದೆ. ಮೂರನೇ ಸಲ ಕೇಳಿದರೆ ಅವರು ನಿಜವಾಗಿ ಕೇಳುತ್ತಿದ್ದಾರೆ ಎಂದರ್ಥ, ಆಗ ಮನಸ್ಸಿನಲ್ಲಿರುವುದನ್ನು ಹೇಳಬೇಕು. ನಿಮ್ಮ ಮನೆಗೆ ಮೊದಲ ಸಲ ಬಂದಾಗ ತಟ್ಟೆಯಲ್ಲಿ ಉಳಿದ ಕೇಕಿನ ಕೊನೆಯ ಹೋಳನ್ನು ನಾನು ಸರಿಯಾಗಿ ಮೂರನೇ ಸಲಕ್ಕೆ ತೆಗೆದುಕೊಂಡಿದ್ದಕ್ಕೇ ಅಲ್ಲವೇ ಅತ್ತೆ ನನ್ನನ್ನು ಒಪ್ಪಿದ್ದು? ಅದನ್ನೂ ರಮೋನಾಗೆ ಹೇಳಿದೆ.

ಅವಳು ಕುದುರೆಯ ಕಾಲನ್ನು ಕೆಳಗಿಟ್ಟು ನೆಟ್ಟಗೆ ನಿಂತಳು. “ಅಲ್ಲಾ, ನಾನು ಮೂರು ಸಲ ಕೇಳೋ ಹೊತ್ತಿಗೆ ನನ್ನ ಹನ್ನೆರಡು ಕುದುರೆಗೂ ಮೇವು ಹಾಕಿ ಮುಗಿಸ್ತೀನಿ! ನಮ್ಮೂರಲ್ಲಿ ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಇಪ್ಪತ್ತು ವರ್ಷ ಆಯ್ತು ನಾನಿಲ್ಲಿ ಬಂದು, ನೀವುಗಳು ಬಾಯಿಬಿಟ್ಟು ಒಂದು ಮಾತು ಹೇಳಿದ್ದು ಕೇಳ್ಲಿಲ್ಲ. ನನ್ನ ಗಂಡನೂ ಹೀಗೇ ಇದ್ದ. ಆಸ್ಪತ್ರೇಲಿ ಮಲಗಿದ್ದಾಗ ‘ನೋವಿದೆಯಾ’ ಅಂದ್ರೆ ‘ಅಷ್ಟೇನಿಲ್ಲ’ ಅಂತಿದ್ದ. ಸಾಯೋ ದಿನಾನೂ ಅಷ್ಟೇನಿಲ್ಲ!” ಅಂದಳು. ಕೈ ಒರೆಸಿಕೊಂಡು, “ಈಗ ಹೇಳಿ. ಜಾಗ ಬೇಕೋ ಬೇಡ್ವೋ? ಒಂದೇ ಸಲ ಕೇಳ್ತೀನಿ” ಅಂದಳು.

ನಗಬೇಡ, ಆ ಒಂದು ಮಾತು ಹೇಳಲು ನನಗೆ ಬೆವರು ಬಂತು. “ಬೇಕು” ಅಂದೆ. ಕೆಮ್ಮಿ ಇನ್ನೊಂದು ಸಲ, “ಬೇಕು” ಅಂದೆ.

“ಅಷ್ಟೇ ತಾನೇ!” ಎಂದಳು. ಜಲ್ಲಿ ಬಯಲಿನ ಪಕ್ಕದಲ್ಲೇ ಇನ್ನೊಂದು ಅಂಥದ್ದೇ ಪುಟ್ಟ ಬಯಲಿದೆ, ಕಣ್ಣು ಕಾಣದ ಒಂದು ಮುದಿ ಕತ್ತೆ ಅಲ್ಲಿ ಒಂಟಿಯಾಗಿದೆ. ಅದಕ್ಕೂ ಜೊತೆ ಬೇಕಾಗಿತ್ತಂತೆ. ಟೂವಾ ಅದರ ಜೊತೆ ಇರಬಹುದು. ನಾನು ಆ ಕತ್ತೆಯ ಹತ್ತಿರ ಹೋಗಿ ನಿಂತೆ. ಅದು ನನ್ನ ಅಂಗಿಯನ್ನು ಮೂಸಿತು, ಅಂಗಿಯಲ್ಲಿ ಟೂವಾಳ ವಾಸನೆಯಿತ್ತೋ ಏನೋ, ತೋಳಿಗೆ ತಲೆಯಾನಿಸಿತು.

“ಕುದುರೆ ನಿಮ್ದಾ?” ಎಂದು ಕೇಳಿದಳು ರಮೋನಾ.

“ಹೆಂಡ್ತೀದು.”

“ಅವರೆಲ್ಲಿ?”

“ಇಲ್ಲೇ ಲಾ ಕ್ರಾಸಲ್ಲಿ.”

“ನೀವು?”

“ಆರ್ಗೈಲಲ್ಲಿ.”

ಅವಳು ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಕೈಗೆ ಕೊಟ್ಟಳು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಕೇಳಲಿಲ್ಲ, ಕುಡಿದೆ.

ಹೀಗೆ ಕೆಲಸ ಮುಗಿಯಿತು. ನವೆಂಬರ್ ಒಂದರ ಬೆಳಿಗ್ಗೆ ಕುದುರೆ ಸಾಗಿಸುವ ಬಡ್‌ನ ಟ್ರೇಲರನ್ನು ನನ್ನ ಗಾಡಿಗೆ ಕಟ್ಟಿಕೊಂಡು ಟೂವಾಳನ್ನು ನಾನೇ ಬಿಟ್ಟುಬರುತ್ತೇನೆ. ಲಾಳ ಕಟ್ಟುವವನ ಫೋನ್ ನಂಬರು, ವೈದ್ಯರ ಚೀಟಿ, ಅವಳ ಚಳಿಗಾಲದ ಹೊದಿಕೆ ಎಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಹೊದಿಕೆಯ ಎಡಬದಿಯ ಕೊಂಡಿ ಕಿತ್ತಿತ್ತು, ನಿನ್ನ ಹೊಲಿಗೆ ಮಿಷನ್ನಿನಲ್ಲಿ ನಾನೇ ಹೊಲಿದೆ. ಸೂಜಿ ಮುರಿಯಿತು, ಇನ್ನೊಂದು ಹಾಕಿದೆ. ಹೊಲಿಗೆ ನೋಡಿ ನೀನು ನಗುತ್ತೀಯ, ಆದರೆ ಬಿಡುವುದಿಲ್ಲ, ಗಟ್ಟಿಯಾಗಿದೆ. ನೀನು ಬೆಳಿಗ್ಗೆ ಲೈಬ್ರರಿಗೆ ಮೊದಲು ಅಲ್ಲಿಗೆ ಹೋದರೆ ಅವಳನ್ನು ಒಂದು ಸುತ್ತು ನಡೆಸಬಹುದು. ಒಳ್ಳೆಯ ಜಾಗ, ಡಾರ್ಲಾ. ನಿನಗೆ ಇಷ್ಟವಾಗುತ್ತದೆ.

ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ನಿನಗೆ ವಹಿಸಿದ್ದಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಿಜಕ್ಕೂ ಖುಷಿಯಾಯಿತು. ನಿನ್ನ ದನಿ ಅದಕ್ಕೆ ಹೇಳಿ ಮಾಡಿಸಿದ್ದು. ಅತ್ತೆಯ ಬಲಗೈ ಬೇಗ ಚೇತರಿಸಿಕೊಳ್ಳಲಿ, ಕ್ರಿಸ್‌ಮಸ್ ಹೊತ್ತಿಗೆ ತಾವೇ ರೊಟ್ಟಿ ಲಟ್ಟಿಸುವಂತಾಗಲಿ. ನಿನ್ನ ಹೊಸ ಮನೆಯ ಬಾಗಿಲಿಗೆ ಒಳ್ಳೆಯವರೇ ಬರಲಿ. ನದಿಯ ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲ, ಕುತ್ತಿಗೆಗೆ ಸುತ್ತಿಕೊಂಡು ಹೊರಗೆ ಹೋಗು. ದೇವರು ನಿಮ್ಮಿಬ್ಬರನ್ನೂ ಹಗಲೂ ರಾತ್ರಿಯೂ ಕೈಹಿಡಿದು ಕಾಯಲಿ ಎಂದು ಇವತ್ತು ಬೆಳಿಗ್ಗೆಯೂ ಚರ್ಚಿನಲ್ಲಿ ಕೇಳಿಕೊಂಡೆ.

ಯಾವತ್ತೂ ನಿನ್ನವನೇ ಆದ,
ಲೈಲ್

ಮರೆತ ಮಾತು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನ್ನೆ ಹೋಲ್ಮೆನ್ನಿನಿಂದ ವಾಪಸು ಬರುವಾಗ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಆಗಸ್ಟಿನಲ್ಲಿ ನೀನು ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದೆಯಲ್ಲ. ಅಡುಗೆಮನೆಯಲ್ಲಿ ನಿಂತು, “ಅಲ್ಲೇ ಕೆಲಸ ಹಿಡಿದು ಮನೆ ಮಾಡ್ಲಾ ಅಂತಿದ್ದೀನಿ. ಏನಂತೀಯ?” ಎಂದು ನೀನು ಕೇಳಿದೆ. “ಒಳ್ಳೇದೇ ಅಲ್ವಾ, ಅಮ್ಮನಿಗೆ ಹತ್ರ ಆಗತ್ತೆ” ಅಂದೆ ನಾನು. ಕಾರಿನ ಹಿಂದೆ ಚೀಲ ಇಡುವಾಗ, “ನಿನಗೇನೂ ತೊಂದ್ರೆ ಇಲ್ವಾ ಲೈಲ್?” ಎಂದು ನೀನು ಮತ್ತೆ ಕೇಳಿದೆ. “ನನಗೇನು ತೊಂದ್ರೆ” ಅಂದೆ ನಾನು. ಆಮೇಲೆ ನೀನು ಕಾರು ಹೊರಡಿಸಿ, ಹತ್ತು ಮಾರು ಹೋಗಿ, ನಿಲ್ಲಿಸಿ, ಗಾಜು ಇಳಿಸಿ, “ನಿಜವಾಗ್ಲೂ?” ಅಂದೆ. ನಾನು, “ನಿಜವಾಗ್ಲೂ. ಹೊರಡು, ಮಳೆ ಬರೋ ಹಾಗಿದೆ” ಅಂದೆ.

ನೀನು ಇದೇ ಮಣ್ಣಿನವಳು. ಮೂರೂ ಸಲ ಕೇಳಿದ್ದೆ. ರಮೋನಾಗೆ ಪಾಠ ಹೇಳಿದ ನಾನೇ ಮೂರನೇ ಸಲವೂ ಸುಳ್ಳು ಹೇಳಿದೆ.

ನಾಳೆ ಅಂಚೆಗೆ ರಜೆ. ಈ ಕಾಗದವನ್ನು ಮಂಗಳವಾರ ಬೆಳಿಗ್ಗೆ ಹಾಕುತ್ತೇನೆ, ಗುರುವಾರ ನಿನ್ನ ಕೈ ಸೇರುತ್ತದೆ, ಸಹಿ ಇರುವುದು ಶುಕ್ರವಾರ. ನಾಲ್ಕನೇ ಸಲ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಆದ್ದರಿಂದ ನೀನು ಕೇಳದೆಯೇ ಹೇಳುತ್ತಿದ್ದೇನೆ. ನನಗೆ ತೊಂದರೆಯಿದೆ, ಡಾರ್ಲಾ. ತುಂಬಾ ತೊಂದರೆಯಿದೆ. ಸಹಿ ಹಾಕಬೇಡ. ಇಲ್ಲವೇ ಹಾಕಲೇಬೇಕು ಅನ್ನಿಸಿದರೆ, ನನ್ನನ್ನೂ ಅಲ್ಲಿಗೆ ಬಾ ಎಂದು ಒಂದೇ ಸಲ ಕರೆ. ಬರುತ್ತೇನೆ.